ಬಾಣಂತಿ ಬಾಳೆಹಣ್ಣು ತಿಂದರೆ ಕೂಸಿಗೆ ನೆಗಡಿಯಾಗುತ್ತದೆಯೇ?

ಹೊಸಪೇಟೆ, ಹಂಪಿ, ಕಂಪ್ಲಿ ಸುತ್ತ ಬಾಳೆ ತೋಟಗಳಿಗೆ ಕೊರತೆಯಿಲ್ಲ. ಆದರೆ ಇದೇ ಊರುಗಳ ಎಷ್ಟೋ ಮನೆಗಳಲ್ಲಿ ಬಾಣಂತಿಗೆ ಬಾಳೆಹಣ್ಣು ಮುಟ್ಟಲು ಬಿಡುವುದಿಲ್ಲ. ತಾಯಿ ಥಂಡಿ ತಿಂದರೆ ಹಾಲೂ ಥಂಡಿಯಾಗಿ ಕೂಸಿಗೆ ನೆಗಡಿಯಾಗುತ್ತದೆ ಎಂಬುದು ಹಿರಿಯರ ನಂಬಿಕೆ. ಹೀಗೆ ಮೊಸರು, ಬೇಳೆ, ಸೊಪ್ಪು, ಕಾಯಿಪಲ್ಯ ಒಂದೊಂದಾಗಿ ತಟ್ಟೆಯಿಂದ ಮರೆಯಾಗುತ್ತವೆ. ಕೆಲವು ಮನೆಗಳಲ್ಲಿ ಕೊನೆಗೆ ಉಳಿಯುವುದು ಬಿಳಿ ಅನ್ನ, ಮೆಣಸಿನ ಸಾರು ಮಾತ್ರ.

ತಾಯಿ ತಿಂದದ್ದು ಹಾಲಿಗೆ ಬರುತ್ತದೆಯೇ? ಕೆಲವು ಬರುತ್ತವೆ, ಆದರೆ ನಾವು ಹೆದರುವ ರೀತಿಯಲ್ಲಲ್ಲ.

ಹಾಲು ತಯಾರಾಗುವುದು ಹೇಗೆ?

ಎದೆಹಾಲು ಹೊಟ್ಟೆಯಿಂದ ನೇರವಾಗಿ ಬರುವುದಿಲ್ಲ. ಊಟ ಜೀರ್ಣವಾಗಿ ರಕ್ತಕ್ಕೆ ಸೇರುತ್ತದೆ. ಸ್ತನದ ಜೀವಕೋಶಗಳು ರಕ್ತದಿಂದ ಬೇಕಾದ್ದನ್ನು ಹೀರಿ ಹಾಲು ಮಾಡುತ್ತವೆ. ಈ ದಾರಿಯಲ್ಲಿ ಬಾಳೆಹಣ್ಣಿನ ತಂಪು ಉಳಿಯುವುದಿಲ್ಲ. ಹಾಲು ಯಾವಾಗಲೂ ಮೈಬಿಸಿಯಲ್ಲೇ ಇರುತ್ತದೆ. ನೆಗಡಿ ಬರುವುದು ವೈರಸ್‌ನಿಂದ. ಕೆಮ್ಮುವವರು ಕೂಸನ್ನು ಎತ್ತಿಕೊಂಡರೆ, ತೊಳೆಯದ ಕೈಯಲ್ಲಿ ಮುಟ್ಟಿದರೆ ಅದು ಹರಡುತ್ತದೆ.

ಆಹಾರದ ವಾಸನೆ ಹಾಲಿಗೆ ಬರುವುದು ನಿಜ. 1991ರಲ್ಲಿ ಅಮೆರಿಕದ ಸಂಶೋಧಕರು ತಾಯಂದಿರಿಗೆ ಬೆಳ್ಳುಳ್ಳಿ ಕೊಟ್ಟು ನೋಡಿದರು. ಹಾಲಿಗೆ ಬೆಳ್ಳುಳ್ಳಿಯ ವಾಸನೆ ಬಂತು. ಕೂಸುಗಳು ಹಾಲು ಬಿಡಲಿಲ್ಲ, ಬದಲಿಗೆ ಹೆಚ್ಚು ಹೊತ್ತು ಎದೆಗೆ ಅಂಟಿಕೊಂಡಿದ್ದವು.

ಅಪಾಯ ಇರುವುದು ಬಿಟ್ಟದ್ದರಲ್ಲಿ

ತಾಯಿಯ ಊಟ ಸ್ವಲ್ಪ ಕಡಿಮೆಯಾದರೂ ಹಾಲಿನ ಸಕ್ಕರೆ, ಕ್ಯಾಲ್ಸಿಯಂ ಹೆಚ್ಚು ಬದಲಾಗುವುದಿಲ್ಲ. ಬಿ ಗುಂಪಿನ ಹಲವು ವಿಟಮಿನ್‌ಗಳ ಕಥೆ ಬೇರೆ. ತಾಯಿಗೆ ಸಿಗದಿದ್ದರೆ ಅವು ಹಾಲಿನಲ್ಲೂ ಕಡಿಮೆಯಾಗುತ್ತವೆ. ಅವುಗಳಲ್ಲಿ ಮುಖ್ಯವಾದದ್ದು ಥಯಾಮಿನ್, ಅಂದರೆ ಬಿ1. ಅಕ್ಕಿಯ ತೌಡಿನಲ್ಲಿರುವ ಇದು ಪಾಲಿಶ್ ಮಾಡಿದಾಗ ಹೋಗುತ್ತದೆ. ಅಕ್ಕಿಯನ್ನು ಮತ್ತೆ ಮತ್ತೆ ತೊಳೆದು ಗಂಜಿ ಬಸಿದರೆ ಉಳಿದದ್ದೂ ಹೋಗುತ್ತದೆ.

ಬಿ1 ಸಾಲದ ಕೂಸಿಗೆ ಸಾಮಾನ್ಯವಾಗಿ ಮೊದಲ ಆರು ತಿಂಗಳೊಳಗೆ ತೊಂದರೆ ಕಾಣಿಸಿಕೊಳ್ಳುತ್ತದೆ. ಹಾಲು ಕುಡಿಯುವುದಿಲ್ಲ, ವಾಂತಿ, ಏದುಸಿರು, ಅಳುವಿನ ದನಿ ಕಟ್ಟುವುದು, ಕೊನೆಗೆ ಹೃದಯವೇ ಸೋಲುವುದು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ವೈದ್ಯರು ಇಂಥ ಕೂಸುಗಳ ಬಗ್ಗೆ 2021ರಲ್ಲಿ ಅಧ್ಯಯನ ಪ್ರಕಟಿಸಿದರು. ಅವು ಎದೆಹಾಲನ್ನಷ್ಟೇ ಕುಡಿಯುತ್ತಿದ್ದವು. ತಾಯಂದಿರ ಮುಖ್ಯ ಆಹಾರ ಪಾಲಿಶ್ ಅಕ್ಕಿ. ಬಿ1 ಕೊಟ್ಟಾಗ ಹೆಚ್ಚಿನವು ಬೇಗ ಚೇತರಿಸಿಕೊಂಡವು. ತಪ್ಪು ಎದೆಹಾಲಿನದಲ್ಲ, ಪಥ್ಯದ್ದು.

ಪರಿಹಾರ ನಮ್ಮ ಹೊಲದಲ್ಲೇ ಇದೆ. 100 ಗ್ರಾಂ ಪಾಲಿಶ್ ಅಕ್ಕಿಯಲ್ಲಿ ಬಿ1 ಸುಮಾರು 0.05 ಮಿಲಿಗ್ರಾಂ, ಅಷ್ಟೇ ಜೋಳದಲ್ಲಿ ಸುಮಾರು 0.35. ಕಂಪ್ಲಿಯ ಗದ್ದೆಯ ಅನ್ನದ ಜೊತೆಗೆ ಸಂಡೂರು ಕಡೆಯ ಜೋಳದ ರೊಟ್ಟಿ, ಬೇಳೆ, ಮೊಳಕೆಕಾಳು, ಶೇಂಗಾ ಇದ್ದರೆ ಸಾಕು. ಸಬ್ಬಸಗಿ ಪಲ್ಯ, ಬಾಳೆಹಣ್ಣು, ತಿನ್ನುವವರಿಗೆ ಮೊಟ್ಟೆಯೂ ಇರಲಿ.

ನಿಜಕ್ಕೂ ದೂರ ಇಡಬೇಕಾದದ್ದು

* ತಂಬಾಕು: ಎಲೆಅಡಿಕೆಯ ಜೊತೆ ಹಾಕಿಕೊಂಡರೂ ನಿಕೋಟಿನ್ ಹಾಲಿಗೆ ಬರುತ್ತದೆ.
* ಮದ್ಯ: ರಕ್ತದಲ್ಲಿ ಇರುವಷ್ಟೇ ಪ್ರಮಾಣ ಹೆಚ್ಚುಕಡಿಮೆ ಹಾಲಿನಲ್ಲೂ ಇರುತ್ತದೆ.
* ಕೊಡೀನ್ ಇರುವ ಕೆಮ್ಮಿನ ಸಿರಪ್: ಕೂಸಿನ ಉಸಿರಾಟವನ್ನೇ ಕುಗ್ಗಿಸಬಲ್ಲದು.

ಉಳಿದ ಹೆಚ್ಚಿನ ಮಾತ್ರೆಗಳು ಹಾಲಿಗೆ ಬರುವುದು ಅತ್ಯಲ್ಪ. ಮಾತ್ರೆ ತೊಗೊಂಡೆ ಎಂದು ಹಾಲು ಬಿಡಿಸಬೇಡಿ. ಹಾಲೂಡಿಸುತ್ತಿದ್ದೇನೆ ಎಂದು ವೈದ್ಯರಿಗೆ ಮೊದಲೇ ಹೇಳಿ.

ಕೂಸು ಹಾಲು ಬಿಟ್ಟು ಏದುಸಿರು ಬಿಡುತ್ತಿದ್ದರೆ, ಅಳುವ ದನಿ ಕಟ್ಟಿದ್ದರೆ, ದೃಷ್ಟಿ ತೆಗೆಯುತ್ತಾ ಕಾಯಬೇಡಿ. ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೋಗಿ, ತಾಯಿ ಏನು ಪಥ್ಯ ಮಾಡುತ್ತಿದ್ದಾಳೆ ಎಂಬುದನ್ನೂ ತಿಳಿಸಿ.