ಮಳೆಗಾಲಕ್ಕೂ ಒಂದು ವಾದ್ಯ

ಮಲೆನಾಡಿನ ಮಳೆಯನ್ನು ಹೊಗಳಿ ಬರೆದವರು ಬಹಳ ಜನ. ಆ ಮಳೆಯಲ್ಲಿ ಬಟ್ಟೆ ಒಣಗಿಸಿದವರು ಬರೆದದ್ದು ಕಡಿಮೆ. ಜೂನ್ ತಿಂಗಳು ಕಾಲಿಟ್ಟಿತೆಂದರೆ ಸಾಗರ, ಹೊಸನಗರ, ತೀರ್ಥಹಳ್ಳಿಯ ಹೆಂಗಸರಿಗೆ ಹತ್ತು ಚಿಂತೆ. ಹಪ್ಪಳದ ಡಬ್ಬಿಯ ಮುಚ್ಚಳ ಬಿಗಿಯಾಗಿದೆಯೆ, ಬೀರುವಿನೊಳಗಿನ ರೇಷ್ಮೆ ಸೀರೆಗೆ ಬೂಷ್ಟು ಹಿಡಿದೀತೆ, ಮಕ್ಕಳ ಯೂನಿಫಾರಂ ನಾಳೆ ಬೆಳಿಗ್ಗೆಗೆ ಒಣಗೀತೆ? ಈ ಪಟ್ಟಿಗೆ ನಾನು ಇನ್ನೊಂದನ್ನು ಸೇರಿಸಬೇಕೆಂದಿದ್ದೇನೆ. ಅದು ಸಂಗೀತ ಕಲಿಯುವ ಹುಡುಗಿಯ ವಾದ್ಯ.

ನಮ್ಮಲ್ಲಿ ಅದಕ್ಕೊಂದು ಸುಲಭದ ಪರಿಹಾರವಿದೆ. ಮಳೆ ಹಿಡಿದ ಕೂಡಲೇ ವಾದ್ಯವನ್ನು ಹಳೆ ಸೀರೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕುವುದು. ನನ್ನ ತಂಗಿಯ ಮಗಳು ಹೊಸನಗರದಿಂದ ಸಾಗರಕ್ಕೆ ಭಾನುವಾರದ ಗಿಟಾರ್ ಪಾಠಕ್ಕೆ ಬಸ್ಸಿನಲ್ಲಿ ಬರುತ್ತಿದ್ದಳು. ಒಂದು ಮೇ ತಿಂಗಳ ಕೊನೆಯಲ್ಲಿ ಬಂದವಳು, “ದೊಡ್ಡಮ್ಮ, ಇನ್ನು ದೀಪಾವಳಿ ಕಳೆದ ಮೇಲೇ ಪಾಠ. ಮಳೇಲಿ ತಗೊಂಡು ಹೋದ್ರೆ ಗಿಟಾರ್ ಹಾಳಾಗ್ತದೆ ಅಂತ ಅಪ್ಪ ಅಟ್ಟಕ್ಕೆ ಹಾಕಿದಾರೆ” ಎಂದಳು. ವರ್ಷದಲ್ಲಿ ಐದು ತಿಂಗಳು! ಗಣಿತವನ್ನೋ ಇಂಗ್ಲಿಷನ್ನೋ ಐದು ತಿಂಗಳು ಅಟ್ಟಕ್ಕೆ ಹಾಕಿ ಎಂದರೆ ಅದೇ ಅಪ್ಪ ಒಪ್ಪುತ್ತಿದ್ದರೆ?

ಅಪ್ಪನ ಹೆದರಿಕೆ ಸುಳ್ಳೆಂದು ನಾನು ಹೇಳುವುದಿಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಹೊಸನಗರ ತಾಲ್ಲೂಕಿನ ಹುಲಿಕಲ್ಲು ಅದಕ್ಕೆ ಪೈಪೋಟಿ ಕೊಡುವ ಊರು. ಗಿಟಾರ್ ತಯಾರಿಸುವವರು ತಮ್ಮ ವಾದ್ಯಕ್ಕೆ ಗಾಳಿಯ ತೇವಾಂಶ ಶೇಕಡಾ 45ರಿಂದ 55ರ ಒಳಗಿರಲಿ ಎನ್ನುತ್ತಾರೆ. ನಮ್ಮ ಆಷಾಢದಲ್ಲಿ ಅದು 90ರ ಆಸುಪಾಸಿನಲ್ಲೇ ಕೂತಿರುತ್ತದೆ. ಮರ ತೇವವನ್ನು ಹೀರುತ್ತದೆ, ಹೀರಿ ಅಡ್ಡಡ್ಡಕ್ಕೆ ಉಬ್ಬುತ್ತದೆ. ಗಿಟಾರಿನ ಮೇಲಿನ ಹಲಗೆ ಎರಡು ಮೂರು ಮಿಲಿಮೀಟರ್ ದಪ್ಪದ್ದು. ಅದು ಹೊಟ್ಟೆ ಬಂದ ಹಾಗೆ ಉಬ್ಬಿದರೆ ತಂತಿ ಮೇಲೇಳುತ್ತದೆ. ಮೇಲೆದ್ದ ತಂತಿಯನ್ನು ಒತ್ತಿ ಒತ್ತಿ ಹುಡುಗಿಯ ಬೆರಳಿಗೆ ಬೊಬ್ಬೆ ಬರುತ್ತದೆ, ಶ್ರುತಿಯೂ ನಿಲ್ಲುವುದಿಲ್ಲ. ಫೆಬ್ರುವರಿಯ ಒಣಗಾಳಿಗೆ ಅದೇ ಮರ ಕುಗ್ಗಿ, ಮೆಟ್ಟಿಲ ತಂತಿಗಳ ತುದಿ ಹೊರಗೆ ಚಾಚಿ ಕೈ ಗೀರುತ್ತದೆ, ಹಲಗೆ ಸೀಳು ಬಿಡುವುದೂ ಉಂಟು. ಇದರಲ್ಲಿ ನನಗೆ ಹೆಚ್ಚು ಸಂಕಟ ಕೊಡುವುದು ಮರದ ಗತಿಯಲ್ಲ. “ನನಗೆ ಬರೋದಿಲ್ಲ, ನನ್ನ ಬೆರಳೇ ಸರಿಯಿಲ್ಲ” ಎಂದು ಹುಡುಗಿ ತನ್ನನ್ನೇ ಹಳಿದುಕೊಳ್ಳುತ್ತಾಳಲ್ಲ, ಅದು. ದೋಷ ಉಬ್ಬಿದ ಹಲಗೆಯದು, ಶಿಕ್ಷೆ ಮಾತ್ರ ಅವಳಿಗೆ.

ಹಾಗಾದರೆ ಮಳೆಗೆ ಹೆದರದ ವಾದ್ಯ ಇಲ್ಲವೆ? ಇದೆ. ಅದು ಬಂದು ದಶಕಗಳೇ ಕಳೆದವು. ಅಮೆರಿಕದಲ್ಲಿ ಹೆಲಿಕಾಪ್ಟರ್ ತಯಾರಿಸುತ್ತಿದ್ದ ಚಾರ್ಲ್ಸ್ ಕಾಮನ್ 1966ರಲ್ಲೇ ಗಾಜಿನ ನಾರಿನ ದುಂಡು ಬೆನ್ನಿನ ಗಿಟಾರನ್ನು ಹೊರತಂದ. ಮುಂದೆ 1990ರ ದಶಕದಲ್ಲಿ ಹವಾಯಿಯ ಮಾವಿ ದ್ವೀಪದಲ್ಲಿ ಜಾನ್ ಡೆಕರ್ ಎಂಬ ವಿಜ್ಞಾನಿ ಪೂರಾ ಕಾರ್ಬನ್ ಫೈಬರಿನ, ಅಂದರೆ ಇಂಗಾಲದ ನಾರಿನ ಗಿಟಾರನ್ನು ಮಾರುಕಟ್ಟೆಗೆ ತಂದರು. ಅದಕ್ಕೆ ಇಟ್ಟ ಹೆಸರು ‘ರೇನ್‌ಸಾಂಗ್’, ಮಳೆಹಾಡು. ಕೂದಲಿಗಿಂತ ತೆಳ್ಳಗಿನ ಇಂಗಾಲದ ಎಳೆಗಳನ್ನು ಬಟ್ಟೆಯಂತೆ ನೇಯ್ದು, ಎಪಾಕ್ಸಿ ಅಂಟಿನಲ್ಲಿ ತೊಯ್ಸಿ, ಅಚ್ಚಿನಲ್ಲಿ ಬೇಯಿಸಿ ಗಟ್ಟಿ ಮಾಡುತ್ತಾರೆ. ಅದು ಮರದ ಹಾಗೆ ನೀರು ಕುಡಿಯುವುದಿಲ್ಲ, ಉಬ್ಬುವುದಿಲ್ಲ, ಕುಗ್ಗುವುದಿಲ್ಲ. ಇದೇನೂ ಪರಲೋಕದ ವಸ್ತುವಲ್ಲ. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲ ಸಲ ಹಾರಿದ ನಮ್ಮ ತೇಜಸ್ ವಿಮಾನದ ಒಡಲಿನ ತೂಕದಲ್ಲಿ ನೂರಕ್ಕೆ ಸುಮಾರು 45ರಷ್ಟು ಇಂಥ ನಾರು ಬೆರೆತ ವಸ್ತುವೇ. ಯುದ್ಧವಿಮಾನಕ್ಕೆ ಆಗುವುದು ನಮ್ಮ ಹುಡುಗಿಯ ಹೆಗಲಿಗೆ ಆಗದೆ?

ಇಲ್ಲಿಗೆ ಬಂದಾಗ ರಸಿಕರು ಎದ್ದು ನಿಲ್ಲುತ್ತಾರೆ. “ಮರಕ್ಕೆ ಜೀವ ಇದೆ ತಾಯಿ, ಪ್ಲಾಸ್ಟಿಕ್ಕಿನಲ್ಲಿ ನಾದ ಎಲ್ಲಿಂದ ಬರಬೇಕು?” ಎನ್ನುತ್ತಾರೆ. ಈ ಮಾತನ್ನು ನಾನು ಬೇರೆ ಕಡೆಯೂ ಕೇಳಿದ್ದೇನೆ. ಗದ್ದೆಯಲ್ಲಿ ಬಗ್ಗಿ ನಾಟಿ ಮಾಡುವ ಹೆಂಗಸರು ಬೆನ್ನಿಗೆ ಹೊದೆಯುತ್ತಿದ್ದ, ಬಿದಿರು ಎಲೆಗಳಿಂದ ಹೆಣೆದ ಗೊರಬನ್ನು ಈಗ ಗೋಡೆಗೆ ತೂಗುಹಾಕಿ “ಎಂಥ ಕಲೆ!” ಎಂದು ತಲೆದೂಗುವವರಿದ್ದಾರೆ. ಅವರಲ್ಲಿ ಆ ಗೊರಬು ಹೊತ್ತು ಗದ್ದೆಗಿಳಿದವರು ಎಷ್ಟು ಮಂದಿ? ಹಗುರವಾದ ಪ್ಲಾಸ್ಟಿಕ್ ಕೊಪ್ಪೆ ಬಂದ ದಿನ ನಾಟಿಯ ಹೆಂಗಸರು ಅದರ ಜೀವಾತ್ಮದ ಬಗ್ಗೆ ಚರ್ಚೆ ಮಾಡಲಿಲ್ಲ, ಹೊದ್ದು ಕೆಲಸಕ್ಕಿಳಿದರು. ಹೊರೆ ಯಾರ ಬೆನ್ನ ಮೇಲಿದೆಯೋ ಅವರ ಮಾತಿಗೆ ತೂಕ ಹೆಚ್ಚಿರಬೇಕು.

ಇನ್ನೂ ಹತ್ತಿರದ ಉದಾಹರಣೆ ಬೇಕೆಂದರೆ ನಮ್ಮ ತೋಟಗಳಿಗೆ ಹೋಗಿ. ಕೊಳೆರೋಗ ಬಂದೀತೆಂದು ಅಡಿಕೆ ಮರ ಹತ್ತಿ ಕೊನೆಗೆ ಕೊಟ್ಟೆ ಕಟ್ಟುತ್ತೇವೆ, ಬೋರ್ಡೋ ದ್ರಾವಣ ಹೊಡೆಸುತ್ತೇವೆ. ಕೊಟ್ಟೆಯೂ ಪ್ಲಾಸ್ಟಿಕ್ಕಿನದಾಯಿತು. ಅದನ್ನು ಕಟ್ಟಿದ್ದರಿಂದ ಅಡಿಕೆಯ ಮರ್ಯಾದೆ ಹೋಯಿತೆಂದು ಮಂಡಿಯಲ್ಲಿ ಯಾರೂ ಕಡಿಮೆ ದರ ಕೂಗಿದ್ದನ್ನು ನಾನು ಕಾಣೆ. ಅಡಿಕೆ ಕೊನೆಗೆ ಮಳೆಯಿಂದ ರಕ್ಷೆ ಬೇಕು, ಹುಡುಗಿಯ ಕಲಿಕೆಗೆ ಮಾತ್ರ ಅಟ್ಟ ಸಾಕು. ಇದು ಯಾವ ನ್ಯಾಯ?

ನಾದದ ವಿಷಯದಲ್ಲಿ ಸತ್ಯವನ್ನೇ ಹೇಳೋಣ. ಒಳ್ಳೆಯ ಮರದ ಗಿಟಾರಿಗೆ ಒಂದು ಇಂಪು ಉಂಟು, ವರ್ಷ ಕಳೆದಂತೆ ಅದು ಮಾಗುತ್ತದೆ ಎಂದು ಬಲ್ಲವರು ಹೇಳುತ್ತಾರೆ. ಕಾರ್ಬನ್ನಿನ ದನಿ ಸ್ವಲ್ಪ ಹರಿತ, ಸ್ಪಷ್ಟ. ಕೊಂಡ ದಿನ ಹೇಗಿತ್ತೋ ಹಾಗೇ ಇರುತ್ತದೆ. ಆದರೆ ಮಾಗಬೇಕಾದರೆ ಮರವನ್ನು ನುಡಿಸಬೇಕಲ್ಲ? ಅಟ್ಟದಲ್ಲಿ ಮಾಗುವುದು ಬಾಳೆಗೊನೆ, ಗಿಟಾರಲ್ಲ. ಬಾಸ್ಟನ್ ಸಿಂಫನಿ ವಾದ್ಯವೃಂದದಲ್ಲಿ ಚೆಲ್ಲೊ ನುಡಿಸುತ್ತಿದ್ದ ಲೂಯಿಸ್ ಲೆಗಿಯಾ ತಮ್ಮ ಹಾಯಿದೋಣಿಯ ಒಡಲಿನಲ್ಲಿ ನೀರಿನ ಸದ್ದು ಮೊಳಗುವುದನ್ನು ಕೇಳಿ ಕಾರ್ಬನ್ ಚೆಲ್ಲೊ ಮಾಡಲು ಹೊರಟರು. ಅಂಥ ಕಿವಿಗೆ ಒಪ್ಪಿಗೆಯಾದದ್ದು ನಮ್ಮ ಭಾವಗೀತೆಯ ಜೊತೆಗೆ ಕೂಡದೆಂದು ಹೇಳಲು ನಾವು ಯಾರು?

ನಮ್ಮವರೇ ಆದ ಜಿ. ರಾಜನಾರಾಯಣ್, ಕೊಳಲು ವಾದಕರೂ ಎಂಜಿನಿಯರರೂ ಆದವರು, 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿ ಮಾಡಿದರು. ಅದನ್ನು ಕಂಡು ಮೂಗು ಮುರಿದವರು ಇಂದಿಗೂ ಇದ್ದಾರೆ. ಅವರ ಮೂಗಿನ ಪಾಡಿಗೆ ಮೂಗಿತ್ತು. ಆ ಪುಟ್ಟ ಪೆಟ್ಟಿಗೆ ಮಾತ್ರ ಊರೂರಿನ ಸಂಗೀತದ ಟೀಚರುಗಳ ಚೀಲ ಸೇರಿತು. ಆಳೆತ್ತರದ ಸೋರೆ ಬುರುಡೆಯ ತಂಬೂರಿಯನ್ನು ಹೊತ್ತು ಬಸ್ಸು ಹತ್ತಲಾರದ ಹೆಣ್ಣುಮಗಳು ಶ್ರುತಿಯನ್ನು ಚೀಲದಲ್ಲಿಟ್ಟುಕೊಂಡು ಪಾಠ ಹೇಳಲು ಹೊರಟಳು, ನಾಲ್ಕು ಕಾಸು ಸಂಪಾದಿಸಿದಳು. ವಾದ್ಯ ಹಗುರವಾದರೆ ಹೆಂಗಸಿನ ಬದುಕಿನಲ್ಲಿ ಏನಾಗುತ್ತದೆ ಎಂಬುದಕ್ಕೆ ನನಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

“ಗಿಟಾರೇ ಯಾಕೆ, ವೀಣೆ ಕಲಿಯಲಿ” ಎನ್ನುವ ಹಿರಿಯರೂ ಇದ್ದಾರೆ. ಕಲಿಯಲಿ, ಬೇಡವೆಂದವರಾರು? ಆದರೆ ಪಿಟೀಲು ಎಲ್ಲಿಂದ ಬಂತು? ಬಾಲುಸ್ವಾಮಿ ದೀಕ್ಷಿತರು ಎರಡು ಶತಮಾನಗಳ ಹಿಂದೆ ಅದನ್ನು ಕೈಗೆತ್ತಿಕೊಳ್ಳದಿದ್ದರೆ ಇವತ್ತು ಕಛೇರಿಗೆ ಪಕ್ಕವಾದ್ಯವೇ ಬೇರೆಯಾಗಿರುತ್ತಿತ್ತು. ಪರದೇಶದ್ದೆಂದು ಹಾರ್ಮೋನಿಯಮ್ಮನ್ನು ಆಕಾಶವಾಣಿ 1940ರಲ್ಲಿ ಹೊರಗಿಟ್ಟು, 1971ರಲ್ಲಿ ಮತ್ತೆ ಬಾಗಿಲು ತೆರೆಯಬೇಕಾಯಿತು. ಗಿಟಾರಂತೂ ಪೂರ್ತಿ ಪರದೇಶದ್ದೂ ಅಲ್ಲ. ಅಮೆರಿಕದ ಹೆಸರಾಂತ ಮಾರ್ಟಿನ್ ಕಂಪನಿ 1969ರಲ್ಲಿ ಬ್ರೆಜಿಲಿನ ಮರ ಬಿಟ್ಟು ಭಾರತದ ಬೀಟೆಗೆ ತಿರುಗಿತು. ಅಂದಿನಿಂದ ಜಗತ್ತಿನ ಎಷ್ಟೋ ಗಿಟಾರುಗಳ ಬೆನ್ನು ಪಕ್ಕೆಗಳು ನಮ್ಮ ಪಶ್ಚಿಮಘಟ್ಟದ ಮರದವು. ಆ ಬೀಟೆ ಈಗ ಅಳಿವಿನ ಭಯದಲ್ಲಿದೆ. 2017ರಲ್ಲಿ ಬೀಟೆ ಜಾತಿಯ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆಲ್ಲ ಪರವಾನಗಿ ಬೇಕೆಂದಾಯಿತು. ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿದ್ದು 2019ರಲ್ಲಿ. ಕಾರ್ಬನ್ ನಾರು ಪರಮ ಸಾತ್ವಿಕವೆಂದು ನಾನು ವಾದಿಸುವುದಿಲ್ಲ. ಅದು ಪೆಟ್ರೋಲಿಯಂ ಮೂಲದ್ದು, ಮಣ್ಣಲ್ಲಿ ಕೊಳೆಯುವಂಥದ್ದಲ್ಲ. ಆದರೆ ಒಬ್ಬಳ ಬಾಳಿಗೆ ಒಂದೇ ಸಾಕು.

ಉಳಿಯಿತು ದುಡ್ಡಿನ ಮಾತು. ಹೆಸರುವಾಸಿ ತಯಾರಕರ ಪೂರಾ ಕಾರ್ಬನ್ ಗಿಟಾರಿಗೆ ಲಕ್ಷ ರೂಪಾಯಿ ದಾಟುತ್ತದೆ. “ಅಬ್ಬಾ!” ಎನ್ನಬೇಡಿ. ಮಗಳು ಹತ್ತನೆಯ ತರಗತಿ ಮುಟ್ಟುವ ಮೊದಲೇ ಅವಳ ಮದುವೆಗೆಂದು ಬಳೆ ಸರ ಕೂಡಿಡುವವರು ನಾವು. ಆ ಬಂಗಾರವೂ ಬ್ಯಾಂಕಿನ ಲಾಕರಿನಲ್ಲಿ ಕತ್ತಲೆಯಲ್ಲೇ ಇರುತ್ತದೆ. ಅದರಲ್ಲಿ ಒಂದು ಜೊತೆ ಬಳೆಯ ದುಡ್ಡನ್ನು ಅವಳ ಕೈ ದಿನವೂ ಮುಟ್ಟುವ ವಸ್ತುವಿಗೆ ಹಾಕಿದರೆ ಕುಲಕ್ಕೆ ಕುಂದೆ?

ಅಷ್ಟು ಅನುಕೂಲ ಇಲ್ಲದ ಮನೆಗಳೇ ಹೆಚ್ಚೆಂದು ನನಗೂ ಗೊತ್ತು. ಅಂಥವರು ಮರ್ಯಾದೆಯ ಆಸೆಗೆ ಬಿದ್ದು ಇಡೀ ಮರದ ದುಬಾರಿ ಗಿಟಾರ್ ಕೊಳ್ಳುವುದು ಬೇಡ. ಪದರ ಪದರ ಅಂಟಿಸಿದ ಪ್ಲೈವುಡ್ಡಿನದು ದನಿಯಲ್ಲಿ ಸ್ವಲ್ಪ ಸಪ್ಪೆಯಾದರೂ ತೇವಕ್ಕೆ ಇಡೀ ಮರಕ್ಕಿಂತ ಚೆನ್ನಾಗಿ ತಡೆಯುತ್ತದೆ. ಕಾಗದ ಅಂಟುಗಳನ್ನು ಒತ್ತಡದಲ್ಲಿ ಸೇರಿಸಿ ಮಾಡಿದ ಲ್ಯಾಮಿನೇಟಿನ ಸಣ್ಣ ಗಿಟಾರುಗಳೂ ಇವೆ. ನಮ್ಮ ಅಡುಗೆಮನೆಯ ಕಟ್ಟೆಗೆ ಅಂಟಿಸುವ ಹಾಳೆಯ ಜಾತಿಯೇ ಅದು. ಪ್ಲಾಸ್ಟಿಕ್ಕಿಗೆ ಒಂದಿಷ್ಟು ಕಾರ್ಬನ್ ಬೆರೆಸಿ ಅಚ್ಚು ಹೊಯ್ದ ಅಗ್ಗದ ಗಿಟಾರುಗಳೂ ಬಂದಿವೆ. ಕಲಿಯುವವರಿಗೆ ಅದೂ ಆದೀತು, ಆದರೆ ಅದನ್ನೇ ಪೂರಾ ಕಾರ್ಬನ್ ಎಂದು ನಂಬಿಸಿದರೆ ನಂಬಬೇಡಿ. ಒಡಲು ಮಾತ್ರವೋ, ಕತ್ತೂ ಕಾರ್ಬನ್ನೋ ಎಂದು ಕೇಳಿ. ಕತ್ತು ಮರದ್ದಾಗಿದ್ದರೆ ಅದು ಬಾಗುವ ಭಯ ಪೂರ್ತಿ ಹೋಗಲಿಲ್ಲ. ಮಗಳನ್ನೇ ಕರೆದುಕೊಂಡು ಹೋಗಿ, ಕುಳಿತು ತೊಡೆಯ ಮೇಲಿಟ್ಟುಕೊಂಡು ಅವಳ ತೋಳಿಗೆ ಎಟಕುತ್ತದೆಯೇ ನೋಡಿ. ಬಸ್ಸಿನ ಸೀಟಿನಲ್ಲಿ ಕಾಲ ನಡುವೆ ಹಿಡಿದು ಕೂರಬೇಕಾದವಳು ಅವಳು, ಆದ್ದರಿಂದ ಸಣ್ಣ ಒಡಲಿನದೇ ಒಳ್ಳೆಯದು. ಒಡಲು ಕಾರ್ಬನ್ ಆದರೂ ತಂತಿ ಉಕ್ಕಿನದೇ, ತುಕ್ಕು ಹಿಡಿದೇ ಹಿಡಿಯುತ್ತದೆ. ನುಡಿಸಿದ ಮೇಲೆ ಒಣ ಬಟ್ಟೆಯಲ್ಲಿ ಒರೆಸುವುದನ್ನು ಅಭ್ಯಾಸ ಮಾಡಿಸಿ, ಲೇಪ ಇರುವ ತಂತಿ ಹಾಕಿಸಿ. ಕೆಳಗೆ ಬಿದ್ದು ಒಡೆದರೆ ಊರಿನ ಬಡಗಿ ಸರಿಮಾಡಲಾರ, ಹಾಗಾಗಿ ದಪ್ಪ ಹತ್ತಿಯ ಒಳಪದರಿನ ಚೀಲಕ್ಕೆ ಜಿಪುಣತನ ಬೇಡ.

ಇಷ್ಟೆಲ್ಲ ಹೇಳುವುದು ಒಂದು ಮಳೆಗಾಲದ ಮಾತಿಗಲ್ಲ. ಯಕ್ಷಗಾನದ ಮೇಳಗಳು ಮಳೆ ಬಂತೆಂದು ಗೆಜ್ಜೆ ಬಿಚ್ಚಿದರೆ ದೀಪಾವಳಿಯ ಹೊತ್ತಿಗೆ ಮತ್ತೆ ಕಟ್ಟುತ್ತವೆ. ನಮ್ಮ ಹುಡುಗಿಯರು ಒಮ್ಮೆ ಬಿಚ್ಚಿದರೆ ಕಟ್ಟುವವರಾರು? ಮೊದಲು ಮಳೆಗೆಂದು ಬಿಡುತ್ತಾರೆ, ಆಮೇಲೆ ಪರೀಕ್ಷೆಗೆಂದು, ಆಮೇಲೆ ಹಾಸ್ಟೆಲಿನಲ್ಲಿ ಜಾಗ ಇಲ್ಲವೆಂದು. ಕೊನೆಗೆ ಮದುವೆಯಾಗಿ ಹೊರಟಾಗ ಸ್ಟೀಲ್ ಪಾತ್ರೆ, ಮಂಚ, ಬೀರು ಎಲ್ಲ ಲಾರಿ ಹತ್ತುತ್ತವೆ. ವಾದ್ಯ ಮಾತ್ರ “ಅಲ್ಲಿ ಯಾಕೆ, ಇಲ್ಲೇ ಇರಲಿ, ಬಂದಾಗ ನುಡಿಸ್ತಾಳೆ” ಎಂದು ತವರಿನ ಗೋಡೆಯಲ್ಲಿ ಉಳಿಯುತ್ತದೆ. ಎಷ್ಟು ಮನೆಗಳ ಜಗಲಿಯಲ್ಲಿ ಇಂಥ ವಾದ್ಯಗಳನ್ನು ನೋಡಿದ್ದೇವೆ! ಹಾಗೆ ಬಿಟ್ಟುಬರಲು ನೆಪ ಒದಗಿಸುವ ವಾದ್ಯ ನಮಗೆ ಬೇಡ.

ಈ ಸಲ ಮೇ ತಿಂಗಳಲ್ಲಿ ಕೊಡೆ ರಿಪೇರಿಗೆ ಕೊಡುವಾಗ, ಸೌದೆ ಒಳಗೆ ಪೇರಿಸುವಾಗ, ಮನೆಯ ಹುಡುಗಿಯನ್ನು ಕೂರಿಸಿಕೊಂಡು ಕೇಳಿ: ಜುಲೈ ತಿಂಗಳ ಪಾಠಕ್ಕೆ ಏನು ಹೊತ್ತುಕೊಂಡು ಹೋಗುತ್ತೀ? ಅವಳ ಹತ್ತಿರ ಉತ್ತರ ಇರಬೇಕಾದರೆ ಕೊಳ್ಳುವ ದಿನವೇ ನಾವು ಮಳೆಯನ್ನೂ ಬಸ್ಸನ್ನೂ ಅವಳ ಮುಂದಿನ ಮನೆಯನ್ನೂ ಲೆಕ್ಕಕ್ಕೆ ಹಿಡಿದಿರಬೇಕು.