ಹೆಬ್ಬೆರಳಿನಲ್ಲಿ ಕೂತ ಹರಳು

ರಾತ್ರಿ ಊಟ ಮಾಡಿ ನೆಮ್ಮದಿಯಾಗಿ ಮಲಗಿದ ವ್ಯಕ್ತಿ ನಡುರಾತ್ರಿಯಲ್ಲಿ ನರಳುತ್ತಾ ಏಳುತ್ತಾನೆ. ಕಾಲಿನ ಹೆಬ್ಬೆರಳ ಬುಡ ಊದಿ ಕೆಂಪಗಾಗಿದೆ. ಮುಟ್ಟಿದರೆ ಬಿಸಿ. ಹೊದ್ದ ಹೊದಿಕೆಯ ಭಾರವನ್ನೂ ಬೆರಳು ತಾಳದು. ಚೇಳು ಕುಟುಕಿತೇ, ಕಾಲು ಉಳುಕಿತೇ ಎಂದು ಮನೆಯವರು ಗಾಬರಿಯಾಗುತ್ತಾರೆ. ಗೌಟ್ ರೋಗ ಬಹಳ ಸಲ ಮೊದಲು ಕಾಣಿಸಿಕೊಳ್ಳುವುದು ಹೀಗೆಯೇ. ಆಯುರ್ವೇದದಲ್ಲಿ ಇದನ್ನು ಹೋಲುವ ಕಾಯಿಲೆಗೆ ವಾತರಕ್ತ ಎಂಬ ಹೆಸರಿದೆ. ನಡುವಯಸ್ಸಿನ ಗಂಡಸರಲ್ಲಿ ಇದು ಹೆಚ್ಚು. ಹೆಂಗಸರಲ್ಲಿ ಸಾಮಾನ್ಯವಾಗಿ ಮುಟ್ಟು ನಿಂತ ಮೇಲೆ ಬರುತ್ತದೆ.

ಒಂದೆರಡು ವಾರಗಳಲ್ಲಿ ನೋವು ತಾನಾಗಿಯೇ ಇಳಿಯುತ್ತದೆ. ಈ ರೋಗದ ಮೋಸವಿರುವುದು ಇಲ್ಲಿಯೇ. ನೋವು ಹೋಯಿತು, ರೋಗವೂ ಹೋಯಿತು ಎಂದುಕೊಂಡು ಮಾತ್ರೆ ನಿಲ್ಲಿಸುವವರು ಬಹಳ. ಅದು ಏಕೆ ತಪ್ಪು ಎಂದು ತಿಳಿಯಲು ಹೈಸ್ಕೂಲಿನ ರಸಾಯನಶಾಸ್ತ್ರ ಸಾಕು.

ಆಮ್ಲ ಬರುವುದೆಲ್ಲಿಂದ?

ನಮ್ಮ ಜೀವಕೋಶಗಳ ಡಿಎನ್‌ಎಯಲ್ಲಿ ಪ್ಯೂರಿನ್ ಎಂಬ ವಸ್ತುಗಳಿವೆ. ಹಳೆಯ ಕೋಶಗಳು ಒಡೆದಾಗ ಪ್ಯೂರಿನ್‌ಗಳಿಂದ ಯೂರಿಕ್ ಆಮ್ಲ ಉಂಟಾಗುತ್ತದೆ. ಹಸು, ನಾಯಿ, ಇಲಿ ಮುಂತಾದ ಹೆಚ್ಚಿನ ಸಸ್ತನಿಗಳಲ್ಲಿ ಯೂರಿಕೇಸ್ ಎಂಬ ಕಿಣ್ವ ಇದನ್ನು ನೀರಿನಲ್ಲಿ ಸುಲಭವಾಗಿ ಕರಗುವ ವಸ್ತುವನ್ನಾಗಿ ಮಾರ್ಪಡಿಸುತ್ತದೆ. ಮನುಷ್ಯ ಮತ್ತು ಅವನ ಹತ್ತಿರದ ಬಂಧುಗಳಾದ ವಾನರರು ವಿಕಾಸದ ಹಾದಿಯಲ್ಲಿ ಈ ಕಿಣ್ವವನ್ನು ಕಳೆದುಕೊಂಡಿದ್ದಾರೆ. ಆದ್ದರಿಂದ ನಮ್ಮ ಯೂರಿಕ್ ಆಮ್ಲದ ಸುಮಾರು ಮೂರನೇ ಎರಡು ಭಾಗ ಮೂತ್ರಪಿಂಡಗಳ ಮೂಲಕ, ಉಳಿದದ್ದು ಕರುಳಿನ ಮೂಲಕ ಹೊರಹೋಗಬೇಕು. ಹೆಚ್ಚಿನ ರೋಗಿಗಳಲ್ಲಿ ತೊಂದರೆಯಿರುವುದು ಮೂತ್ರಪಿಂಡಗಳು ಇದನ್ನು ಸಾಕಷ್ಟು ಹೊರಹಾಕದಿರುವುದರಲ್ಲಿ. ಇದಕ್ಕೆ ಅನುವಂಶೀಯತೆಯೂ ಒಂದು ಕಾರಣ.

ಕಲ್ಲುಸಕ್ಕರೆಯ ಪಾಠ

ನೀರಿನಲ್ಲಿ ಸಕ್ಕರೆ ಒಂದು ಮಿತಿಯವರೆಗೆ ಮಾತ್ರ ಕರಗುತ್ತದೆ. ಬಿಸಿ ಪಾಕ ತಣ್ಣಗಾದಂತೆ ಆ ಮಿತಿ ಕುಗ್ಗಿ, ಇಳಿಬಿಟ್ಟ ದಾರಕ್ಕೆ ಹರಳು ಕಟ್ಟುತ್ತದೆ. ಅದೇ ಕಲ್ಲುಸಕ್ಕರೆ. ರಕ್ತದಲ್ಲೂ ಇದೇ ನಿಯಮ. ದೇಹದ ಉಷ್ಣತೆಯಲ್ಲಿ ನೂರು ಮಿಲಿಲೀಟರಿಗೆ ಸುಮಾರು 6.8 ಮಿಲಿಗ್ರಾಂ ದಾಟಿದರೆ ಯೂರಿಕ್ ಆಮ್ಲ ಸೋಡಿಯಂ ಯೂರೇಟ್ ಎಂಬ ಲವಣದ ಸೂಜಿಯಂಥ ಹರಳುಗಳಾಗಿ ಕೀಲುಗಳಲ್ಲಿ ಕೂರಬಹುದು. ಹೆಬ್ಬೆರಳು ದೇಹದ ಒಳಭಾಗಕ್ಕಿಂತ ತಣ್ಣಗಿರುವುದರಿಂದ ಅಲ್ಲಿ ಹರಳು ಬೇಗ ಕಟ್ಟುತ್ತದೆ. ಬಿಳಿ ರಕ್ತಕಣಗಳು ಹರಳನ್ನು ಶತ್ರುವೆಂದು ಬಗೆದು ಮುತ್ತಿಗೆ ಹಾಕಿದಾಗ ಊತ, ಉರಿ, ನೋವು.

ಗೌಟ್ ರೋಗಿಗಳ ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಿರುವುದನ್ನು 1848ರಲ್ಲಿ ತೋರಿಸಿದವನು ಲಂಡನ್ನಿನ ವೈದ್ಯ ಆಲ್ಫ್ರೆಡ್ ಗ್ಯಾರಡ್. ರಕ್ತದ ತಿಳಿಗೆ ಆಮ್ಲ ಬೆರೆಸಿ, ಅದರಲ್ಲಿ ದಾರವಿಟ್ಟು, ಹರಳು ಕಟ್ಟುವುದನ್ನು ಕಣ್ಣಾರೆ ನೋಡುವ ಪರೀಕ್ಷೆಯನ್ನೂ ಅವನು ರೂಪಿಸಿದ. ಕಲ್ಲುಸಕ್ಕರೆಯ ಉಪಾಯವೇ ಅಲ್ಲವೇ?

ನೋವು ಇಳಿದಾಗ ಮುತ್ತಿಗೆ ಮುಗಿದಿರುತ್ತದೆ, ಆದರೆ ಹರಳು ಅಲ್ಲೇ ಇರುತ್ತದೆ. ವರ್ಷಗಟ್ಟಲೆ ಬಿಟ್ಟರೆ ಚರ್ಮದಡಿ ಗಂಟುಗಳಾಗುತ್ತವೆ, ಕೀಲುಗಳು ಸವೆಯುತ್ತವೆ, ಮೂತ್ರಪಿಂಡದಲ್ಲಿ ಕಲ್ಲೂ ಆಗಬಹುದು.

ಎರಡು ಬಗೆಯ ಔಷಧಿ

ಒಂದು ಬಗೆ ನೋವಿಗೆ: ಕಾಲ್ಚಿಸಿನ್, ಉರಿಯೂತ ಇಳಿಸುವ ಮಾತ್ರೆಗಳು, ಸ್ಟೆರಾಯ್ಡ್. ಇವು ಹರಳನ್ನು ಕರಗಿಸುವುದಿಲ್ಲ. ಅಂಗಡಿಯಿಂದ ತಾವೇ ತಂದು ನೋವಿನ ಮಾತ್ರೆ ನುಂಗುತ್ತಿದ್ದರೆ ಮೂತ್ರಪಿಂಡಕ್ಕೂ ಅಪಾಯ.

ಎರಡನೆಯದು ಯೂರಿಕ್ ಆಮ್ಲವನ್ನೇ ತಗ್ಗಿಸುವ ಔಷಧಿ. ಇವುಗಳಲ್ಲಿ ಮುಖ್ಯವಾದದ್ದು ಅಲೋಪ್ಯುರಿನಾಲ್. ಇದನ್ನು ಬಳಕೆಗೆ ತಂದ ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ 1988ರ ನೊಬೆಲ್ ಪ್ರಶಸ್ತಿ ಹಂಚಿಕೊಂಡವರು. ಅಳತೆಯನ್ನು 6 ಮಿಲಿಗ್ರಾಮಿಗಿಂತ ಕೆಳಗಿಟ್ಟರೆ ಹಳೆಯ ಹರಳುಗಳು ಮೆಲ್ಲಗೆ ಕರಗುತ್ತವೆ. ಹೀಗೆ ಕರಗುವಾಗ ಮೊದಲ ಕೆಲವು ತಿಂಗಳು ನೋವು ಮರುಕಳಿಸಬಹುದು. ಅದಕ್ಕಾಗಿಯೇ ವೈದ್ಯರು ಕಡಿಮೆ ಪ್ರಮಾಣದಿಂದ ಆರಂಭಿಸಿ, ಜೊತೆಗೆ ಕಾಲ್ಚಿಸಿನ್ ಕೊಡುವುದುಂಟು. 'ಮಾತ್ರೆಯಿಂದಲೇ ನೋವು ಹೆಚ್ಚಿತು' ಎಂದು ಬಿಟ್ಟುಬಿಡುವುದು ಸರಿಯಲ್ಲ. ಆದರೆ ಮೈಮೇಲೆ ಗಂಧೆ, ದದ್ದು ಕಂಡರೆ ತಕ್ಷಣ ಮಾತ್ರೆ ನಿಲ್ಲಿಸಿ ವೈದ್ಯರ ಬಳಿಗೆ ಹೋಗಬೇಕು.

ತಟ್ಟೆಯಲ್ಲಿ ಏನಿರಬೇಕು?

ಕಲೇಜ, ಕೆಂಪು ಮಾಂಸ, ಬೂತಾಯಿ, ಸಿಗಡಿ ಮಿತಿಯಲ್ಲಿರಲಿ. ಬಿಯರ್ ಮತ್ತು ಇತರ ಮದ್ಯ, ಸಿಹಿಯಾದ ಬಾಟಲಿ ಪಾನೀಯಗಳು ಬೇಡ. ಬೇಳೆ, ಸೊಪ್ಪುಗಳಲ್ಲಿಯೂ ಪ್ಯೂರಿನ್ ಇದೆಯೆಂದು ಸಾರು, ಹುಳಿ ಬಿಡಿಸಿ ಹಿರಿಯರನ್ನು ಉಪವಾಸ ಕೆಡವುವ ಮನೆಗಳಿವೆ. ತರಕಾರಿಯ ಪ್ಯೂರಿನ್‌ನಿಂದ ಗೌಟ್ ಹೆಚ್ಚುವುದಿಲ್ಲವೆಂದು 2004ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ತೋರಿಸಿದೆ. ಕೆನೆ ತೆಗೆದ ಹಾಲು, ಮಜ್ಜಿಗೆ ಒಳ್ಳೆಯದು. ನೀರು ಸಾಕಷ್ಟು ಕುಡಿಯಬೇಕು. ತೂಕವನ್ನು ನಿಧಾನವಾಗಿ ಇಳಿಸಬೇಕು, ಏಕೆಂದರೆ ಕಟ್ಟುನಿಟ್ಟಿನ ಉಪವಾಸದಿಂದ ಯೂರಿಕ್ ಆಮ್ಲ ಏರುತ್ತದೆ. ಪಥ್ಯವೊಂದರಿಂದ ಇಳಿಯುವುದು ಸಾಮಾನ್ಯವಾಗಿ 1 ಮಿಲಿಗ್ರಾಂ ಆಸುಪಾಸು ಮಾತ್ರ. ಅಳತೆ 9 ಇದ್ದವರಿಗೆ ಅದೊಂದೇ ಸಾಲದು.

ಮನೆಯಲ್ಲಿ ಗೌಟ್ ಇರುವ ಹಿರಿಯರಿದ್ದರೆ ವಿದ್ಯಾರ್ಥಿಗಳು 'ನೋವು ಹೇಗಿದೆ?' ಎಂದು ಕೇಳುವುದರ ಜೊತೆಗೆ 'ಯೂರಿಕ್ ಆಮ್ಲ ಎಷ್ಟಿದೆ?' ಎಂದೂ ಕೇಳಲಿ. ರಕ್ತಪರೀಕ್ಷೆಯ ಅಂಕಿಗಳನ್ನು ತಾರೀಖಿನ ಸಮೇತ ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟು, ವೈದ್ಯರಲ್ಲಿಗೆ ಹೋಗುವಾಗ ಹಿರಿಯರ ಕೈಗೆ ಕೊಡಲಿ. ಮಾತ್ರೆ ಮುಂದುವರಿಸಬೇಕೇ ಎಂಬುದನ್ನು ತೀರ್ಮಾನಿಸಲು ವೈದ್ಯರಿಗೆ ಬೇಕಾದುದು ಆ ಅಂಕಿಗಳು.