ಗೇಜ್ ಹಾಕಿಸುವ ಮುನ್ನ ಡಿಪ್‌ಸ್ಟಿಕ್ ಎಳೆದು ನೋಡೋಣ



ಭಾನುವಾರ ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಬೈಕುಗಳ ಸುತ್ತ ನಿಂತು ನಾವು ಆಡುವ ಮಾತುಗಳಿಗೆ ಇತ್ತೀಚೆಗೆ ಒಂದು ಹೊಸ ವಿಷಯ ಸೇರಿದೆ. ಬೈಕಿಗೆ ಆಯಿಲ್ ಪ್ರೆಶರ್ ಗೇಜ್ ಹಾಕಿಸಬೇಕೇ? ಹ್ಯಾಂಡಲ್ ಪಕ್ಕದಲ್ಲಿ ಒಂದು ಗುಂಡು ಮೀಟರ್, ಒಳಗೆ ನಡುಗುವ ಮುಳ್ಳು. ನೋಡಲು ಚೆಂದವೇ, ಇಲ್ಲ ಅನ್ನುವುದಿಲ್ಲ. ಆದರೆ ನಮ್ಮಲ್ಲಿ ಹೆಚ್ಚಿನವರ ಬೈಕಿಗೆ ಅದು ಬೇಡ ಎಂಬುದೇ ನಮ್ಮ ಅಭಿಪ್ರಾಯ. ಆ ದುಡ್ಡಿಗೆ ನಮ್ಮ ಬೆಟ್ಟದಲ್ಲಿ ಬೇರೆ ಕೆಲಸವಿದೆ.

ಇದನ್ನು ಬರೀ ಶೋಕಿಯ ಮಾತು ಎಂದು ತಳ್ಳಿಹಾಕಲೂ ಆಗದು. ಊಟಿ ಇರುವುದು ಸುಮಾರು 2,240 ಮೀಟರ್ ಎತ್ತರದಲ್ಲಿ. ಅಲ್ಲಿಂದ ಮಸಿನಗುಡಿಗೆ ಕಲ್ಹಟ್ಟಿ ದಾರಿಯಲ್ಲಿ ಇಳಿದರೆ ಮೂವತ್ತು ಕಿಲೋಮೀಟರ್‌ ಆಸುಪಾಸಿನಲ್ಲೇ ಸಾವಿರ ಮೀಟರ್‌ಗಿಂತ ಹೆಚ್ಚು ಕೆಳಗೆ ಬಂದಿರುತ್ತೇವೆ. ನಡುವೆ 36 ಹೇರ್‌ಪಿನ್ ತಿರುವುಗಳು. ಹಿಂದೆ ತಂಗಿಯನ್ನೋ ಅಮ್ಮನನ್ನೋ ಕೂರಿಸಿಕೊಂಡು ಇಳಿಯುವಾಗ ಎಂಜಿನ್ ಒಣಗಿ ಹಿಡಿದುಕೊಂಡರೆ ಹಿಂದಿನ ಚಕ್ರವೂ ಕಚ್ಚಿಕೊಳ್ಳುತ್ತದೆ. ಕ್ಲಚ್ ಹಿಡಿಯಲು ಸಿಗುವುದು ಒಂದು ಕ್ಷಣ. ಇನ್ನು ಮಸಿನಗುಡಿ ದಾಟಿ ತೆಪ್ಪಕಾಡಿನ ಕಡೆ ಸಂಜೆ ಹೊತ್ತಿನಲ್ಲಿ ಬೈಕ್ ನಿಂತರೆ, ಆನೆ ಓಡಾಡುವ ಜಾಗದಲ್ಲಿ ತಳ್ಳಿಕೊಂಡು ನಡೆಯಬೇಕು. ಹಾಗಾಗಿ ಎಂಜಿನ್‌ನ ಆಯಿಲ್ ಬಗ್ಗೆ ಚಿಂತಿಸುವವನನ್ನು ನಾವು ಗೇಲಿ ಮಾಡುವುದಿಲ್ಲ. ಆ ಚಿಂತೆಗೆ ಗೇಜ್ ಉತ್ತರವೇ ಎಂಬುದಷ್ಟೇ ಪ್ರಶ್ನೆ.

ಮೊದಲು ಪ್ರೆಶರ್ ಅಂದರೇನು ನೋಡೋಣ. ತೋಟಕ್ಕೆ ನೀರು ಬಿಡುವ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರೆ ಒಳಗೆ ಒತ್ತಡ ಏರುತ್ತದೆ, ಆದರೆ ಗಿಡಕ್ಕೆ ಬೀಳುವ ನೀರು ಹೆಚ್ಚುವುದಿಲ್ಲ. ಎಂಜಿನ್‌ನಲ್ಲೂ ಹಾಗೆಯೇ. ಗೇಜ್ ತೋರಿಸುವುದು ಆಯಿಲ್‌ಗೆ ಎದುರಾಗುವ ತಡೆಯನ್ನು, ಹರಿವನ್ನಲ್ಲ. ಅದರ ಪೈಪ್ ಕೂಡಿಸಿದ ಜಾಗದಿಂದ ಮುಂದೆ ಎಲ್ಲೋ ಕಸ ಕಟ್ಟಿಕೊಂಡರೂ ಮುಳ್ಳು ಏರಿಯೇ ನಿಲ್ಲಬಹುದು.

ಕಾರಿನ ಎಂಜಿನ್‌ನಲ್ಲಿ ಕ್ರ್ಯಾಂಕ್ ತಿರುಗುವುದು ಆಯಿಲ್‌ನ ತೆಳು ಪದರದ ಮೇಲೆ. ಅಲ್ಲಿ ಒತ್ತಡ ಹೋದರೆ ಬೇರಿಂಗ್ ಸವೆಯಲು ಹೆಚ್ಚು ಹೊತ್ತು ಬೇಡ, ಅದಕ್ಕೇ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಇಟ್ಟಿದ್ದಾರೆ. ನಮ್ಮ ಸ್ಪ್ಲೆಂಡರ್‌ನಂಥ ಬೈಕುಗಳ ಕ್ರ್ಯಾಂಕ್ ತಿರುಗುವುದು ಬಾಲ್ ಮತ್ತು ರೋಲರ್ ಬೇರಿಂಗ್‌ಗಳ ಮೇಲೆ. ಅವಕ್ಕೆ ಭಾರೀ ಒತ್ತಡ ಬೇಡ, ಆಯಿಲ್ ತಲುಪುತ್ತಿದ್ದರೆ ಸಾಕು. ಇನ್ನು ಹಳೆಯ ಯೆಜ್ಡಿ, ಆರ್‌ಎಕ್ಸ್ 100 ಇಟ್ಟುಕೊಂಡಿರುವ ಅಣ್ಣಂದಿರಿಗೆ ಈ ಪ್ರಶ್ನೆಯೇ ಇಲ್ಲ. ಟು ಸ್ಟ್ರೋಕ್ ಎಂಜಿನ್‌ಗೆ ಆಯಿಲ್ ಹೋಗುವುದು ಪೆಟ್ರೋಲ್ ಜೊತೆ ಬೆರೆತು, ಉರಿದೂ ಹೋಗುತ್ತದೆ. ಅಳೆಯಲು ಒತ್ತಡವೇ ಇಲ್ಲ.

ಉಳಿದದ್ದು ಬುಲೆಟ್. ನಿಜವಾದ ವಾದ ಇರುವುದು ಇಲ್ಲೇ. ಮದರಾಸಿನಲ್ಲಿ 1955ರಲ್ಲಿ ಶುರುವಾದ ಎನ್‌ಫೀಲ್ಡ್ ಇಂಡಿಯಾದ ಆ ಹಳೆಯ ಕಬ್ಬಿಣದ ಎಂಜಿನ್ ನಮ್ಮ ಬೆಟ್ಟದಲ್ಲಿ ಇನ್ನೂ ಉಸಿರಾಡುತ್ತಿದೆ. ಅದರ ಬಿಗ್ ಎಂಡ್‌ನಲ್ಲಿ ಬಹುಪಾಲು ಬುಷ್ ಇರುತ್ತದೆ, ಆಯಿಲ್ ಪಂಪ್ ಮೆಲ್ಲಗೆ ಓಡುವಂಥದ್ದು. ಗೇಜ್ ಬೇಕೆನ್ನುವವರ ಮಾತಿನಲ್ಲಿ ಇಷ್ಟು ತೂಕವಿದೆ: ಪಂಪ್ ಕೆಟ್ಟರೆ ಸವಾರನಿಗೆ ಹೇಳುವವರು ಯಾರು? ಆದರೆ ಆ ಎಂಜಿನ್‌ನ ಒತ್ತಡವೇ ತೀರಾ ಕಡಿಮೆ. ಜನವರಿಯ ಹಿಮ ಬಿದ್ದ ಬೆಳಿಗ್ಗೆ ಊಟಿಯಲ್ಲಿ ಕಿಕ್ ಹೊಡೆದರೆ ಆಯಿಲ್ ಗಟ್ಟಿಯಾಗಿ ಮುಳ್ಳು ಮೇಲೇರುತ್ತದೆ. ಅದೇ ಬುಲೆಟ್ ಮಸಿನಗುಡಿಯಿಂದ ಫಸ್ಟ್, ಸೆಕೆಂಡ್ ಗೇರಿನಲ್ಲಿ ಹತ್ತಿ ಬಂದು ಬಿಸಿಯಾಗಿ ಐಡಲ್‌ನಲ್ಲಿ ನಿಂತರೆ ಮುಳ್ಳು ಸೊನ್ನೆಯ ಹತ್ತಿರ ಮಲಗುತ್ತದೆ. ಎರಡೂ ಸಹಜ. ಗೊತ್ತಿಲ್ಲದವನು ಹೆದರಿ ಎಂಜಿನ್ ಬಿಚ್ಚಿಸುತ್ತಾನೆ. ಗೊತ್ತಿರುವವನು ನಾಲ್ಕು ದಿನದಲ್ಲಿ ಅದನ್ನು ನೋಡುವುದನ್ನೇ ಬಿಡುತ್ತಾನೆ. 2008ರಿಂದ ಬಂದ ಯುಸಿಇ ಎಂಜಿನ್‌ನಲ್ಲಿ ಹೈಡ್ರಾಲಿಕ್ ಟ್ಯಾಪೆಟ್ ಇದೆ. ಆಯಿಲ್ ಸರಿಯಾಗಿ ಬಾರದಿದ್ದರೆ ಅದು ಟಕಟಕ ಎಂದು ಕೂಗಿಯೇ ಹೇಳುತ್ತದೆ. ಅದಕ್ಕೆ ಬೇಕಾದದ್ದು ಕಿವಿ.

ನಮಗೆ ಗೇಜ್‌ಗಿಂತ ಹೆಚ್ಚು ಭಯ ಅದರ ಪೈಪಿನದು. ಎಂಜಿನ್‌ನಿಂದ ಹ್ಯಾಂಡಲ್‌ವರೆಗೆ ಬರುವ ಆ ಸಣ್ಣ ಪೈಪಿನೊಳಗೆ ಬಿಸಿ ಆಯಿಲ್ ಇರುತ್ತದೆ. ಬುಲೆಟ್‌ನ ಕಂಪನಕ್ಕೆ ಮೂರನೆಯ ತಿಂಗಳಲ್ಲಿ ಅದು ಬಿರುಕು ಬಿಟ್ಟಿತು ಅನ್ನಿ. ಪಂಪ್ ತನ್ನ ಕೆಲಸ ತಾನು ಮಾಡುತ್ತಾ ಇರುವ ಆಯಿಲನ್ನೆಲ್ಲ ಹೊರಗೆ ಚೆಲ್ಲುತ್ತದೆ, ಮೊದಲು ಬೂಟಿಗೆ, ಆಮೇಲೆ ಹಿಂದಿನ ಟೈರಿಗೆ. ಇಲ್ಲದ ಅಪಾಯವನ್ನು ದುಡ್ಡು ಕೊಟ್ಟು ತಂದ ಹಾಗಾಯಿತು. ಅಲ್ಲದೆ, ತಿರುವಿನಲ್ಲಿ ಕಣ್ಣು ರಸ್ತೆಯ ಮೇಲಿರಬೇಕು, ಮುಳ್ಳಿನ ಮೇಲಲ್ಲ.

ಹಾಗಾದರೆ ಏನು ಮಾಡಬೇಕು? ಆಯಿಲ್ ಎಷ್ಟಿದೆ ನೋಡಬೇಕು. ಇಷ್ಟು ಸಣ್ಣ ಮಾತಿಗೆ ಒಂದು ಲೇಖನವೇ ಎಂದು ನಗಬೇಡಿ. ನೂರು ಸಿಸಿ ಬೈಕಿನ ಎಂಜಿನ್‌ನಲ್ಲಿ ಇರುವುದೇ ಸುಮಾರು ಒಂದು ಲೀಟರ್. ಕಾಲು ಲೀಟರ್ ಕಡಿಮೆಯಾದರೆ ಅದು ಕಾಲು ಭಾಗ. ನಮ್ಮ ಕಷ್ಟ ಏನೆಂದರೆ, ಇಲ್ಲಿ ಸಮತಟ್ಟು ನೆಲವೇ ಅಪರೂಪ. ಮನೆ ಮುಂದಿನ ಇಳಿಜಾರಿನಲ್ಲಿ ಸೈಡ್ ಸ್ಟ್ಯಾಂಡ್ ಹಾಕಿ ಡಿಪ್‌ಸ್ಟಿಕ್ ಎಳೆದರೆ ಅದು ಸುಳ್ಳು ಹೇಳುತ್ತದೆ. ದೇವಾಲಯದ ಅಂಗಳದಲ್ಲೋ ಪೆಟ್ರೋಲ್ ಬಂಕಿನಲ್ಲೋ ಸೆಂಟರ್ ಸ್ಟ್ಯಾಂಡ್ ಹಾಕಿ ನೋಡಿ. ಹಳೆಯ ಬುಲೆಟ್ ಆದರೆ ಸ್ವಲ್ಪ ಓಡಿಸಿದ ಮೇಲೆ ನೋಡಿ. ದಿನಗಟ್ಟಲೆ ನಿಂತಾಗ ಅದರ ಆಯಿಲ್ ಕ್ರ್ಯಾಂಕ್ ಕಡೆಗೆ ಇಳಿದು, ಇದ್ದರೂ ಇಲ್ಲದಂತೆ ತೋರುತ್ತದೆ.

ಗೇಜ್ ಹೇಳದ ಇನ್ನೊಂದನ್ನು ಕಲ್ಹಟ್ಟಿಯೇ ಹೇಳುತ್ತದೆ. ಆಕ್ಸಿಲರೇಟರ್ ಬಿಟ್ಟು ಸೆಕೆಂಡ್ ಗೇರಿನಲ್ಲಿ ಅಷ್ಟು ದೂರ ಇಳಿದು, ಕೆಳಗೆ ತಲುಪಿ ಒಮ್ಮೆ ಆಕ್ಸಿಲರೇಟರ್ ತಿರುವಿದಾಗ ಹಿಂದೆ ನೀಲಿ ಹೊಗೆ ಬಂದರೆ, ವಾಲ್ವ್ ಗೈಡ್ ಸವೆದು ಆಯಿಲ್ ಒಳಗೆ ಎಳೆದುಕೊಳ್ಳುತ್ತಿದೆ ಎಂದೇ ಹೆಚ್ಚಿನ ಮಟ್ಟಿಗೆ ಅರ್ಥ. ಹಿಂದೆ ಬರುವ ಗೆಳೆಯನಿಗೆ ನೋಡಲು ಹೇಳಿ. ಹತ್ತುವಾಗ ಟಾಪ್ ಗೇರಿನಲ್ಲೇ ಗುದ್ದಾಡಿಸುವುದನ್ನೂ ಬಿಡಬೇಕು. ಎಂಜಿನ್ ನಿಧಾನವಾದಷ್ಟು ಪಂಪ್ ನಿಧಾನ, ಹೊರೆ ಮಾತ್ರ ಹೆಚ್ಚು.

ಪೆಟ್ರೋಲ್ ಉಳಿಸಲು ಎಂಜಿನ್ ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಇಳಿಯುವವರೂ ನಮ್ಮಲ್ಲಿ ಇದ್ದಾರೆ. ಅವರ ಬೈಕಿಗೆ ಚಿನ್ನದ ಗೇಜ್ ಹಾಕಿದರೂ ಪ್ರಯೋಜನವಿಲ್ಲ. ಎಂಜಿನ್ ಹಿಡಿತ ಇಲ್ಲದೆ ಡ್ರಮ್ ಬ್ರೇಕ್ ಒಂದೇ ಭಾರ ಹೊತ್ತರೆ ಬಿಸಿಯಾಗಿ ಹಿಡಿಯುವುದನ್ನೇ ಬಿಡುತ್ತದೆ. ಗೇಜ್‌ಗೆಂದು ಇಟ್ಟ ದುಡ್ಡಿನಲ್ಲಿ ಬ್ರೇಕ್ ಶೂ, ಒಂದು ಒಳ್ಳೆಯ ಆಯಿಲ್ ಚೇಂಜ್ ಮಾಡಿಸಿಕೊಳ್ಳಿ ಎಂದು ನಾವು ಹೇಳುವುದು ಇದಕ್ಕೇ.

ಗೇಜ್ ಯಾರಿಗೆ ಸರಿ? ಹಳೆಯ ಬುಲೆಟ್‌ನ ಎಂಜಿನ್ ಪೂರ್ತಿ ಬಿಚ್ಚಿ ಕಟ್ಟಿಸಿದವರಿಗೆ. ಮೆಕ್ಯಾನಿಕ್ ಶಾಪಿನಲ್ಲೇ ಗೇಜ್ ಕೂಡಿಸಿ, ಪಂಪ್ ಸರಿ ಇದೆಯೇ ನೋಡಿ, ತೆಗೆದುಬಿಡಬಹುದು. ಅದೂ ಇಲ್ಲದಿದ್ದರೆ ಹೆಡ್‌ಗೆ ಹೋಗುವ ಆಯಿಲ್ ಪೈಪಿನ ಬೋಲ್ಟನ್ನು ಐಡಲ್‌ನಲ್ಲಿ ಸ್ವಲ್ಪ ಸಡಿಲಿಸಿ ಆಯಿಲ್ ಒಸರುತ್ತದೆಯೇ ನೋಡುವ ಹಳೆಯ ಕ್ರಮ ಇದ್ದೇ ಇದೆ.

ಈಗಾಗಲೇ ಹಾಕಿಸಿಕೊಂಡವರು ಬೇಸರಪಡಬೇಡಿ, ಕಿತ್ತುಹಾಕಲೂ ಬೇಡಿ. ಪ್ರತಿ ಶನಿವಾರ ಪೈಪಿನ ಎರಡೂ ತುದಿಯನ್ನು ಬಟ್ಟೆಯಲ್ಲಿ ಒರೆಸಿ, ಹತ್ತು ನಿಮಿಷ ಓಡಿಸಿ ಮತ್ತೆ ಮುಟ್ಟಿ ನೋಡಿ. ಬೆರಳಿಗೆ ಆಯಿಲ್ ಹತ್ತಿದರೆ ಆ ದಿನ ಕಲ್ಹಟ್ಟಿಗೆ ಬಸ್ಸಿನಲ್ಲಿ ಹೋಗಿ.